ಲೇಥ್ ಮುಂದೆ ನಿಂತರೆ ಮಕ್ಕಳಾಗುವುದಿಲ್ಲವೇ? ಉದ್ಯಮಬಾಗದ ಟರ್ನರ್ ಹುಡುಗಿಯ ಪತ್ರಕ್ಕೆ ಉತ್ತರ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಬೈಲಹೊಂಗಲ ತಾಲೂಕಿನ ಹಳ್ಳ್ಯಾಕಿ, ವಯಸ್ಸು 23. ಟರ್ನರ್ ಐಟಿಐ ಮುಗಿಸಿ, ಅಪ್ರೆಂಟಿಸ್ ಮಾಡಿ, ಈಗ ಎರಡು ವರ್ಷದಿಂದ ಬೆಳಗಾವಿ ಉದ್ಯಮಬಾಗದಾಗ ಸಿಎನ್‌ಸಿ ಲೇಥ್ (ಕಂಪ್ಯೂಟರ್ ಪ್ರೋಗ್ರಾಂ ಮ್ಯಾಲ ಲೋಹ ತಿರುಗಿಸಿ ಕಡೆಯೂ ಮಷೀನ್) ಆಪರೇಟರ್ ಅದೀನಿ. ನಮ್ಮ ಶಾಪಿನ್ಯಾಗ ಮಷೀನ್ ಮ್ಯಾಲ ಇರಾಕಿ ನಾ ಒಬ್ಬಾಕಿನ. ಸೂಪರ್‌ವೈಜರು 'ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹೋಗವಾ, ಕುಂತ ಮಾಡೂ ಕೆಲಸ, ಹೆಣ್ಮಕ್ಕಳಿಗೆ ಚಲೋ' ಅಂತಾರ. ನನಗ ಮಷೀನ್ ಹೊಂದಿಸಿ ಕೊಡೂ ಸೆಟ್ಟರ್ ಆಗೂ ಆಸೆ. ಮನ್ಯಾಗ ವರ ನೋಡಾಕತ್ತಾರ. ಬಂದವರು 'ಮಷೀನ್ ಕೆಲಸ ಮಾಡೂ ಹುಡುಗಿಗೆ ಹೊಟ್ಟಿ ನಿಲ್ಲೂದಿಲ್ಲ' ಅಂದು ಎದ್ದು ಹೋದ್ರು. ಅವ್ವ 'ದಿನಾ ನಿಂತು ಭಾರ ಎತ್ತಿದ್ರ ಗರ್ಭಚೀಲ ಜಾರತೈತಿ' ಅಂತ ಅಳತಾಳ. ಹೆಣ್ಮಕ್ಕಳಿಗೆ ರಾತ್ರಿ ಪಾಳಿ ಕಾಯ್ದೇದಾಗ ಇಲ್ಲ ಅಂತನೂ ಅಂತಾರ. ಇದರಾಗ ಖರೇ ಎಷ್ಟು? ಮುಂದ ಬರೂ ಬೀಗರಿಗೆ ಆಫೀಸ್ ಕೆಲಸ ಅಂತ ಹೇಳಿಬಿಡಲ್ಯಾ? ಮದುವಿ ಆದಮ್ಯಾಲ ಬಳಿ, ತಾಳಿ ಹಾಕ್ಕೊಂಡು ಮಷೀನ್ ಮ್ಯಾಲ ನಿಲ್ಲಬೌದೇನ್ರಿ?

ಉತ್ತರ: ತಂಗಿ, ನೀನು ಕೇಳಿದ್ದು ಐದಾರು ಪ್ರಶ್ನೆ. ಎಲ್ಲದರ ಬುಡಕ್ಕೆ ಇರುವುದು ಒಂದೇ ಮಾತು: ಹೆಣ್ಣಿನ ಮೈ ಈ ಕೆಲಸಕ್ಕೆ ಆದದ್ದಲ್ಲ ಎಂದು ಮನೆಯಲ್ಲೂ ಶಾಪಿನಲ್ಲೂ ನಿನಗೆ ಹೇಳುತ್ತಿದ್ದಾರೆ. ನನಗೂ ಹೇಳಿದ್ದರು. 1982ರಲ್ಲಿ ಬೆಳಗಾವಿಯಲ್ಲಿ ಟರ್ನರ್ ಟ್ರೇಡಿಗೆ ಸೇರಿದಾಗ ಬ್ಯಾಚಿನಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಹನ್ನೆರಡು ವರ್ಷ ಉದ್ಯಮಬಾಗದಲ್ಲಿ ಲೇಥ್ ಮೇಲೆ ದುಡಿದೆ, ಆಮೇಲೆ ನಿವೃತ್ತಿಯವರೆಗೂ ಐಟಿಐಯಲ್ಲಿ ಅದೇ ಕೆಲಸ ಕಲಿಸಿದೆ. ಕೆಳಗೆ ಬರೆಯುವುದರಲ್ಲಿ ಯಂತ್ರದ ಮಾತು ನನ್ನ ಕೈಯದು. ವೈದ್ಯಕೀಯದ ಮಾತು ನನ್ನ ವಿದ್ಯಾರ್ಥಿನಿಯರಿಗಾಗಿ ವರ್ಷಗಟ್ಟಲೆ ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದು.

ಮೊದಲು ನಿನ್ನ ಅವ್ವನ ಭಯ. ಅದನ್ನು ಹಗುರಾಗಿ ತಳ್ಳಬೇಡ. ಗರ್ಭಕೋಶ ಜಾರುವುದು ನಮ್ಮ ಹಳ್ಳಿಗಳಲ್ಲಿ ಇರುವ ಕಾಯಿಲೆಯೇ, ಆಕೆ ಕಣ್ಣಾರೆ ಕಂಡಿರುತ್ತಾಳೆ. ಆದರೆ ಅದರ ಮುಖ್ಯ ಕಾರಣ ಬೇರೆ. ಚಿಕ್ಕ ವಯಸ್ಸಿನ ಹೆರಿಗೆ, ಮೇಲಿಂದ ಮೇಲೆ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಹೊಲಕ್ಕೆ ಇಳಿದು ಭಾರ ಹೊತ್ತದ್ದು, ವರ್ಷಗಟ್ಟಲೆ ಬಿಡದ ಕೆಮ್ಮು, ಮಲಬದ್ಧತೆ. ಇವೆಲ್ಲ ಸೇರಿ ಕೆಳಹೊಟ್ಟೆಯ ಸ್ನಾಯು ಸಡಿಲಾಗುತ್ತದೆ. ಬರೀ ನಿಂತು ಕೆಲಸ ಮಾಡಿದ್ದಕ್ಕೆ ಮದುವೆಯಾಗದ 23ರ ಹುಡುಗಿಗೆ ಅದು ಬರುವುದಿಲ್ಲ. ಭಾರದ ಲೆಕ್ಕಕ್ಕೆ ಬಂದರೆ, ಕೈಯಲ್ಲಿ ಎತ್ತುವ ತೂಕಕ್ಕೆ ಬಹಳ ಕಡೆ ಬಳಸುವ ಅಮೆರಿಕದ ನಿಯೋಶ್ ಎಂಬ ಕೆಲಸದ ಸುರಕ್ಷತೆಯ ಸಂಸ್ಥೆಯ ಸೂತ್ರ 23 ಕೆಜಿಯಿಂದ ಶುರುವಾಗುತ್ತದೆ. ಅದೂ ವಸ್ತು ಮೈಗೆ ಹತ್ತಿರ, ಸೊಂಟದ ಎತ್ತರದಲ್ಲಿ, ಹಿಡಿಯಲು ಸಲೀಸಾಗಿ ಇದ್ದಾಗ. ಬಗ್ಗಿ, ತಿರುಗಿ, ಪದೇ ಪದೇ ಎತ್ತುವಾಗ ಮಿತಿ ಇಳಿಯುತ್ತ ಹೋಗುತ್ತದೆ. ಈ ಸೂತ್ರ ಗಂಡಸಿಗೊಂದು ಹೆಂಗಸಿಗೊಂದು ಇಲ್ಲ, ಮನುಷ್ಯರ ಬೆನ್ನುಮೂಳೆಗೆ ಇರುವುದು. ನಿನ್ನ ಅವ್ವ ತಲೆಯ ಮೇಲೊಂದು ಬಗಲಲ್ಲೊಂದು ಕೊಡ ಹೊತ್ತು ತಂದಾಗ ಅದು 25-30 ಕೆಜಿ ಆಗಿರುತ್ತದೆ. ಆಗ ಯಾರೂ ಗರ್ಭಚೀಲದ ಮಾತು ಎತ್ತಿರಲಿಕ್ಕಿಲ್ಲ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಬೆಳಗಾವಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇಲ್ಲಿಯೇ ಸೈಕಲ್ ಅಂಗಡಿ ತೆರೆದು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಪಿನ ಪಕ್ಕದ, ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಹೆಂಗಸರು ಬುಟ್ಟಿ ಬುಟ್ಟಿ ಉಸುಕು ತಲೆಯ ಮೇಲೆ ಹೊತ್ತು ಮೋಲ್ಡಿಂಗಿಗೆ ಹಾಕುತ್ತಿದ್ದರು. ಆ ಕಾವು, ಆ ಧೂಳು ನನ್ನ ಲೇಥಿನ ಮುಂದೆ ಇರಲೇ ಇಲ್ಲ. ಅವರ ಕೆಲಸಕ್ಕೆ ಯಾರ ಆಕ್ಷೇಪವೂ ಇರಲಿಲ್ಲ, ಯಾಕೆಂದರೆ ಅದು ಕೂಲಿ. ನಾನು ಅಳತೆಯ ಮೈಕ್ರೋಮೀಟರ್ ಹಿಡಿದ ದಿನ ಎಲ್ಲರಿಗೂ ನನ್ನ ಆರೋಗ್ಯ ನೆನಪಾಯಿತು.

ಇನ್ನು 'ಹೊಟ್ಟಿ ನಿಲ್ಲೂದಿಲ್ಲ' ಎಂಬ ಮಾತು. ಸಿಎನ್‌ಸಿ ಯಂತ್ರದಿಂದ ಬಂಜೆತನ ತರುವ ಯಾವ ಕಿರಣವೂ ಹೊರಡುವುದಿಲ್ಲ. ವೆಲ್ಡಿಂಗ್ ಬೆಳಕಿನ ಬಗ್ಗೆಯೂ ಇದೇ ಪುಕಾರು ಇದೆ. ಆ ಬೆಳಕು ಕಣ್ಣು ಸುಡುತ್ತದೆ, ತೊಗಲು ಸುಡುತ್ತದೆ, ಗರ್ಭಕೋಶದವರೆಗೆ ಹೋಗುವುದಿಲ್ಲ. ವೆಲ್ಡಿಂಗ್ ಹೊಗೆ ಮಾತ್ರ ಕೆಟ್ಟದ್ದೇ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದು ಉಸಿರಾಡುವ ಎಲ್ಲರಿಗೂ ಅನ್ವಯ. ವಿಪರೀತ ಕಾವಿನಲ್ಲಿ ವರ್ಷಗಟ್ಟಲೆ ದುಡಿದರೆ ಗಂಡಸರ ವೀರ್ಯದ ಗುಣ ಕುಗ್ಗುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಹಾಗಂತ ಫರ್ನೇಸ್ ಮುಂದೆ ನಿಲ್ಲುವ ಹುಡುಗನನ್ನು ನೋಡಲು ಹೋದ ಬೀಗರು ಹೀಗೆ ಎದ್ದು ಬಂದದ್ದನ್ನು ನಾನು ಕೇಳಿಲ್ಲ.

ಈ ವಿಷಯ ನನ್ನ ಮೈಮೇಲೆ ಬಂದದ್ದು. 1990ರಲ್ಲಿ ನನಗೆ ಮೂರು ತಿಂಗಳಿಗೆ ಗರ್ಭ ಇಳಿಯಿತು. ಓಣಿಯವರು, ನೆಂಟರು, ಕೊನೆಗೆ ನಾನೂ ಸಹ ಲೇಥನ್ನೇ ದೂರಿದೆ. ಒಂದು ವಾರ ಶಾಪಿನ ಕಡೆ ಮುಖ ಹಾಕಲಿಲ್ಲ. ಆಮೇಲೆ ಒಬ್ಬ ಲೇಡಿ ಡಾಕ್ಟರು ರಕ್ತ ತಪಾಸಣೆ ಮಾಡಿಸಿದಾಗ ಥೈರಾಯ್ಡ್ ಕಡಿಮೆ ಇರುವುದು ಗೊತ್ತಾಯಿತು. ಗೊತ್ತಾದ ಗರ್ಭಗಳಲ್ಲೇ ನೂರಕ್ಕೆ ಹತ್ತರಿಂದ ಇಪ್ಪತ್ತು ತಾನಾಗಿ ಇಳಿದುಹೋಗುತ್ತವೆ, ಮೊದಲ ತಿಂಗಳುಗಳಲ್ಲಿ ಇಳಿಯುವ ಬಹಳಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ ಎಂದು ಅವರು ಬಿಡಿಸಿ ಹೇಳಿದರು. ಮಾತ್ರೆ ಶುರುವಾಯಿತು. 1992ರಲ್ಲಿ ಮಗಳು ಹುಟ್ಟಿದಳು. ಅವಳು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳವರೆಗೂ ಲೇಥ್ ಮೇಲೆ ಇದ್ದೆ, ಸಣ್ಣ ಜಾಬ್ (ಕಡೆಯುವ ತುಂಡು), ಪಕ್ಕದಲ್ಲೊಂದು ಸ್ಟೂಲು. ಲೇಥಿನ ಮೇಲೆ ಅಪವಾದ ಹೊರಿಸಿದವರು ಮಾತ್ರ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಹಾಗಾದರೆ ಅಪಾಯವೇ ಇಲ್ಲವೇ ಅಂದರೆ, ಇದೆ. ಆದರೆ ಅದು ಊರವರು ತೋರಿಸುವ ಜಾಗದಲ್ಲಿ ಇಲ್ಲ.

ಮೊದಲನೆಯದು ನೀರು. ನೀನು ಎಂಟು ತಾಸಿನ ಪಾಳಿಯಲ್ಲಿ ಎಷ್ಟು ನೀರು ಕುಡಿಯುತ್ತೀ, ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀ ಎಂದು ಇವತ್ತೇ ಲೆಕ್ಕ ಹಾಕು. ನಾನು ಪಾಠ ಮಾಡಿದ ಹುಡುಗಿಯರಲ್ಲಿ ಶಾಪಿಗೆ ಹೋದ ಹೆಚ್ಚಿನವರಿಗೆ ಮೊದಲ ವರ್ಷದಲ್ಲೇ ಉರಿಮೂತ್ರ ಆಗಿತ್ತು. ಕಾರಣ ಕೇಳಿದರೆ ಎಲ್ಲರದೂ ಒಂದೇ ಕಥೆ. ಸಂಡಾಸು ಒಂದೇ, ಗಂಡಸರದು, ಚಿಲಕ ಇಲ್ಲ. ಹಾಗಾಗಿ ಬೆಳಗ್ಗೆ ಚಹಾ ಕುಡಿದವಳು ಸಂಜೆಯವರೆಗೂ ನೀರು ಮುಟ್ಟುವುದಿಲ್ಲ. ಮೂತ್ರ ತಡೆಹಿಡಿದಷ್ಟು ಮೂತ್ರಕೋಶದಲ್ಲಿ ಸೋಂಕು ಕೂರುತ್ತದೆ, ಕಲ್ಲು ಕಟ್ಟಲೂಬಹುದು. ಬಸುರಿಯಾದಾಗ ಅದೇ ಸೋಂಕು ಮೂತ್ರಪಿಂಡಕ್ಕೆ ಏರಿದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದೆ. ನಿನ್ನ ತಾಯ್ತನಕ್ಕೆ ಶಾಪಿನಲ್ಲಿ ಯಾವುದಾದರೂ ಶತ್ರು ಇದ್ದರೆ ಅದು ಚಿಲಕವಿಲ್ಲದ ಆ ಬಾಗಿಲು. ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಮೇ ಹೇಳಿತ್ತು. ಇದನ್ನು ಕೇಳಲು ನಾಚಬೇಡ. ಬಾಯಿಮಾತಿನಲ್ಲಿ ಕೇಳಿ ಆಗದಿದ್ದರೆ ಬರೆದು ಕೊಡು, ನಕಲು ಇಟ್ಟುಕೋ.

ಎರಡನೆಯದು ಕೂಲಂಟ್, ಅಂದರೆ ಕಡೆಯುವಾಗ ತಂಪಿಗೆ ಸುರಿಯುವ ದ್ರವ. ಬದಲಾಯಿಸದೆ ಹುಳಿ ವಾಸನೆ ಬರುವ ಕೂಲಂಟಿನಲ್ಲಿ ದಿನವಿಡೀ ಕೈ ಅದ್ದಿದರೆ ಬೆರಳ ಸಂದಿ ಸೀಳಿ ತುರಿಕೆ ಹತ್ತುತ್ತದೆ. ಜಾಬ್ ತೆಗೆಯುವ ಮೊದಲು ಬಾಗಿಲು ತೆರೆದೊಡನೆ ಮುಖ ಒಳಗೆ ಹಾಕಬೇಡ, ಮಂಜಿನಂಥ ಹನಿ ಇಳಿಯಲು ಬಿಡು. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲದ್ದು, ಸೀಸ. ಸಲೀಸಾಗಿ ಟರ್ನ್ ಆಗಲಿ ಎಂದು ಕೆಲವು ಜಾತಿಯ ಹಿತ್ತಾಳೆಗೆ, ಫ್ರೀ ಕಟಿಂಗ್ ಸ್ಟೀಲಿಗೆ ಸೀಸ ಬೆರೆಸಿರುತ್ತಾರೆ. ಹಿತ್ತಾಳೆ ಬುಶ್ ಕೆಲಸ ಮಾಡಿ, ಅದೇ ಕೈಯಲ್ಲಿ ರೊಟ್ಟಿ ಮುರಿದರೆ ಅದು ಹೊಟ್ಟೆಗೆ ಹೋಗುತ್ತದೆ, ಬಸುರಿಯಾದರೆ ಕೂಸಿಗೂ ದಾಟುತ್ತದೆ. ಊಟಕ್ಕೆ ಮುಂಚೆ ಸೋಪು ಹಚ್ಚಿ ತೊಳೆ. ಗರ್ಭ ನಿಂತಾಗ ಡಾಕ್ಟರಿಗೆ 'ಕಂಪನಿ ಕೆಲಸ' ಅಂತಷ್ಟೇ ಹೇಳಬೇಡ. ಯಾವ ಲೋಹ, ಯಾವ ಕೂಲಂಟ್, ಎಷ್ಟು ತಾಸು ನಿಲ್ಲುವುದು, ಸದ್ದು ಎಷ್ಟು, ಇದನ್ನೆಲ್ಲ ಹೇಳಿ ಅವರ ಸಲಹೆ ಚೀಟಿಯಲ್ಲಿ ಬರೆಸಿಕೊಂಡು ಬಾ. ಹೆರಿಗೆಗೆ ಆರು ವಾರ ಉಳಿದಿರುವುದಕ್ಕೂ ಹಿಂದಿನ ಒಂದು ತಿಂಗಳಲ್ಲಿ, ಬಸುರಿ ಕೇಳಿಕೊಂಡರೆ ಆಕೆಯನ್ನು ಬಹಳ ಹೊತ್ತು ನಿಲ್ಲಿಸುವ, ದಣಿಸುವ ಕೆಲಸಕ್ಕೆ ಹಾಕಬಾರದು ಎಂಬ ನಿಯಮ 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಇದೆ. ನನ್ನ ಕಾಲಕ್ಕೆ ಹೆರಿಗೆ ರಜೆ 12 ವಾರ ಇತ್ತು. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ. ನಿನ್ನ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಆಗುತ್ತಿದ್ದರೆ ಆ ಹಣ ಇಎಸ್‌ಐಯಿಂದ ಬರುತ್ತದೆ. ಕಾರ್ಡು ನಿನ್ನ ಕೈಯಲ್ಲಿ ಇದೆಯೋ ಇಲ್ಲವೋ ನೋಡಿಕೋ.

ಕಾಯ್ದೆಯ ಮಾತು. ಹಳೆಯ ಕಾರ್ಖಾನೆ ಕಾಯ್ದೆಯ 66ನೇ ಕಲಮು ಹೆಂಗಸರ ದುಡಿಮೆಯನ್ನು ಬೆಳಗಿನ 6ರಿಂದ ಸಂಜೆ 7ರೊಳಗೆ ಇರಿಸಿತ್ತು, ನಿನಗೆ ಹೇಳುತ್ತಿರುವವರು ಅದನ್ನು ನೆನಪಿಟ್ಟುಕೊಂಡಿದ್ದಾರೆ. ಕರ್ನಾಟಕ 2019ರಲ್ಲೇ ಷರತ್ತುಗಳ ಮೇಲೆ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪ್ರಕಾರ ಹೆಂಗಸರು ಎಲ್ಲ ಸಂಸ್ಥೆಗಳಲ್ಲಿ, ಎಲ್ಲ ಬಗೆಯ ಕೆಲಸ ಮಾಡಬಹುದು. ರಾತ್ರಿಯಾದರೆ ಆಕೆಯ ಒಪ್ಪಿಗೆ ಬೇಕು, ಸುರಕ್ಷತೆಯ ಹೊಣೆ ಮಾಲೀಕರದು. ಒಪ್ಪಿಗೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಮನೆ ಬಾಗಿಲಿಗೆ ಬಿಡುವ ಗಾಡಿ ಇಲ್ಲ, ಪಾಳಿಯಲ್ಲಿ ಇನ್ನೊಬ್ಬ ಹೆಂಗಸು ಇಲ್ಲ ಅಂದರೆ ನೀನು ಒಪ್ಪದೆ ಇರುವುದು ಸರಿ, ನಿನ್ನನ್ನು ಒತ್ತಾಯ ಮಾಡುವಂತಿಲ್ಲ.

ಇನ್ನೊಂದು ಕಲಮನ್ನು ತಪ್ಪಾಗಿ ಓದಿ ನಮ್ಮ ಹುಡುಗಿಯರನ್ನು ಮಷೀನಿನಿಂದ ಇಳಿಸಿದ್ದನ್ನು ನಾನು ನೋಡಿದ್ದೇನೆ. ಆ ಹಳೆಯ ಕಾರ್ಖಾನೆ ಕಾಯ್ದೆಯ 22ನೇ ಕಲಮು ತಿರುಗುತ್ತಿರುವ ಯಂತ್ರಕ್ಕೆ ಎಣ್ಣೆ ಹಾಕಲು, ಒರೆಸಲು, ಹೊಂದಿಸಲು ಹೆಂಗಸರನ್ನೂ ಎಳೆಯರನ್ನೂ ಬಿಡಬಾರದು ಎಂದಿತ್ತು. ಚಾವಣಿಯುದ್ದಕ್ಕೂ ಒಂದೇ ಶಾಫ್ಟು ತಿರುಗಿ, ಅದರಿಂದ ಇಳಿದ ಪಟ್ಟಾ ಒಂದೊಂದು ಯಂತ್ರ ಓಡಿಸುತ್ತಿದ್ದ ಕಾಲದ ಮಾತು ಅದು. ಯಂತ್ರವನ್ನೇ ಮುಟ್ಟಬಾರದು ಅಂತ ಎಲ್ಲೂ ಬರೆದಿರಲಿಲ್ಲ. ತಿರುಗುವ ಯಂತ್ರಕ್ಕೆ ಕೈ ಹಾಕುವುದನ್ನಂತೂ ನನ್ನ ಕ್ಲಾಸಿನಲ್ಲಿ ಗಂಡು ಹುಡುಗರಿಗೂ ಬಿಟ್ಟಿಲ್ಲ.

ಈಗ ಟೇಬಲ್ಲೋ ಮಷೀನೋ ಎಂಬ ಪ್ರಶ್ನೆ. ನಿನ್ನ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಆದದ್ದು ಇಲ್ಲಿ. ನಾನು ಬಾಣಂತನ ಮುಗಿಸಿ ವಾಪಸು ಬಂದಾಗ 'ಕೂಸಿನ ತಾಯಿ, ಕುಂತಿರು' ಎಂದು ಪ್ರೀತಿಯಿಂದಲೇ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಕಳಿಸಿದರು. ಹೂಂ ಅಂದೆ. ಮೂರು ವರ್ಷ ಅಳತೆ ಸರಿಯೋ ತಪ್ಪೋ ತೋರಿಸುವ ಗೋ-ನೋಗೋ ಗೇಜು ಹಾಕಿ ನೋಡುವುದು, ಎಣಿಸುವುದು, ಎಣ್ಣೆ ಕಾಗದ ಸುತ್ತಿ ಪೆಟ್ಟಿಗೆಗೆ ಹಾಕುವುದು. ಅಷ್ಟರಲ್ಲಿ ಶಾಪಿಗೆ ಮೊದಲ ಸಿಎನ್‌ಸಿ ಬಂತು. ನನ್ನ ಜೊತೆ ಸೇರಿದವರು ಪ್ರೋಗ್ರಾಂ ಕಲಿತರು. ನಾನು ಹಟ ಮಾಡಿ ವಾಪಸು ಬಂದಾಗ ನನಗಿಂತ ಎಂಟು ವರ್ಷ ಚಿಕ್ಕ ಹುಡುಗರ ಹಿಂದೆ ನಿಂತು ಆಫ್‌ಸೆಟ್ (ಟೂಲಿನ ಅಳತೆ ತಿದ್ದುವ ಅಂಕಿ) ಹಾಕುವುದನ್ನು ಕಲಿಯಬೇಕಾಯಿತು. ಆ ಮೂರು ವರ್ಷದ ನಷ್ಟ ನನ್ನ ಸಂಬಳದಲ್ಲಿ ಕೊನೆಯವರೆಗೂ ಕಾಣಿಸಿತು.

ಟೇಬಲ್ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಅಳತೆ ತೆಗೆಯುವ ಸಿಎಂಎಂ ಯಂತ್ರ ಕಲಿಸುತ್ತಾರೆ, ಡ್ರಾಯಿಂಗ್ ಓದಿಸುತ್ತಾರೆ, ಗೇಜ್ ಕ್ಯಾಲಿಬ್ರೇಷನ್ ಕೈಗೆ ಕೊಡುತ್ತಾರೆ ಅಂದರೆ ಅದು ಒಳ್ಳೆಯ ಕಸುಬು, ಹತ್ತರಗಿ ಕಡೆಯ ವಿಮಾನ ಬಿಡಿಭಾಗದ ಕಾರ್ಖಾನೆಗಳಂಥ ಕಡೆ ಅದಕ್ಕೆ ಬೆಲೆ ಇದೆ. ಬರೀ ನೋಡಿ ಎಣಿಸುವುದಾದರೆ ಎರಡು ವರ್ಷದಲ್ಲಿ ನಿನ್ನ ಕೈ ಮರೆತುಹೋಗುತ್ತದೆ. ಸೂಪರ್‌ವೈಜರನ್ನು ನೇರ ಕೇಳು: ಟೇಬಲ್ಲಿಗೆ ಹೋದರೆ ಏನು ಕಲಿಸುತ್ತೀರಿ, ವಾಪಸು ಮಷೀನಿಗೆ ಯಾವಾಗ? ಎರಡಕ್ಕೂ ತಿಂಗಳಿನ ಲೆಕ್ಕದಲ್ಲಿ ಉತ್ತರ ಬರದಿದ್ದರೆ ಹೋಗಬೇಡ.

ಸೆಟ್ಟರ್ ಆಗುವುದಾದರೆ ಅದರ ಕಷ್ಟವನ್ನೂ ಕೇಳು. ಆಪರೇಟರ್ ಬಾಗಿಲು ಮುಚ್ಚಿ ಬಟನ್ ಒತ್ತುತ್ತಾಳೆ. ಸೆಟ್ಟರ್ ಬಾಗಿಲು ತೆರೆದು ಒಳಗೆ ಕೈ ಹಾಕುವವಳು. ಜಾಬ್ ಹಿಡಿಯುವ ದವಡೆ (ಸಾಫ್ಟ್ ಜಾ) ಬೋರ್ ಮಾಡುವಾಗ, ಟೂಲ್ ತಾಗಿಸಿ ಅಳತೆ (ಟಚ್) ತೆಗೆಯುವಾಗ, ಮೊದಲ ಪೀಸ್ ಓಡಿಸುವಾಗ ಒಂದು ಸೊನ್ನೆ ತಪ್ಪಿದರೆ ಟೂಲುಗಳನ್ನು ಹಿಡಿದ ಟರೆಟ್, ಜಾಬ್ ಹಿಡಿದು ತಿರುಗುವ ಚಕ್‌ಗೆ ಬಡಿಯುತ್ತದೆ, ಬೈಗುಳ ನಿನಗೆ. ತಡ ಆಗುತ್ತದೆ ಎಂದು ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಡೋರ್ ಇಂಟರ್‌ಲಾಕ್ ಬೈಪಾಸ್ ಮಾಡಿಟ್ಟ ಯಂತ್ರದ ಮೇಲೆ ಸೆಟ್ಟಿಂಗ್ ಮಾಡಬೇಡ, ಯಾರೇ ಹೇಳಿದರೂ. ಚಕ್ ಬದಲಾಯಿಸುವುದು ಇಬ್ಬರ ಕೆಲಸ, ಇಲ್ಲವೇ ಐಬೋಲ್ಟ್ ಹಾಕಿ ಹಾಯ್ಸ್ಟಿನಲ್ಲಿ ಎತ್ತುವ ಕೆಲಸ. ಗಂಡು ಸೆಟ್ಟರುಗಳು ಒಬ್ಬರೇ ಎತ್ತಿ ತೋರಿಸುತ್ತಾರೆ. ನಲವತ್ತಕ್ಕೆ ಅವರಲ್ಲಿ ಎಷ್ಟೋ ಜನ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಬರುವುದನ್ನೂ ನೋಡಿದ್ದೇನೆ. ಕಲಿಸುವವರು ಬೇಕೆಂದೇ ಅರ್ಧ ಬಿಟ್ಟು ಕಲಿಸುತ್ತಾರೆ, ಅದು ನಿನಗೊಬ್ಬಳಿಗೇ ಅಲ್ಲ. ಒಂದು ವಹಿಯಲ್ಲಿ ದಿನವೂ ಬರೆ: ಯಾವ ಜಾಬ್, ಯಾವ ಇನ್‌ಸರ್ಟ್ (ಕಡೆಯುವ ಅಲಗು), ಎಷ್ಟು ಆಫ್‌ಸೆಟ್, ಎಲ್ಲಿ ತಪ್ಪಿತು. ನಿನ್ನ ಎರಡನೇ ಗುರು ಆ ವಹಿ.

ಈ ಶಾಪಿನಲ್ಲಿ ಸೆಟ್ಟಿಂಗ್ ಕಲಿಸುವುದೇ ಇಲ್ಲ ಎಂದಾದರೆ ಬೇರೆ ದಾರಿಗಳಿವೆ. ಎರಡು ವರ್ಷದ ಐಟಿಐ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಆದರೆ ಗಣಿತ ಮತ್ತೆ ಗಟ್ಟಿ ಮಾಡಿಕೊಳ್ಳಬೇಕು, ಆ ಎರಡು ವರ್ಷ ಸಂಬಳವಿಲ್ಲ. ಟರ್ನರ್ ಟ್ರೇಡಿನವರು ರೈಲ್ವೆಯ ಸಹಾಯಕ ಲೋಕೊ ಪೈಲಟ್ ಪರೀಕ್ಷೆ ಬರೆಯಬಹುದು, ಕಣ್ಣಿನ ಪರೀಕ್ಷೆ ಕಠಿಣ, ವಯಸ್ಸಿನ ಮಿತಿ ಇದೆ, ತಡ ಮಾಡಬೇಡ. ನನ್ನ ಹಾಗೆ ಇನ್‌ಸ್ಟ್ರಕ್ಟರ್ ಆಗಬೇಕೆಂದರೆ ಒಂದು ವರ್ಷದ ಬೋಧಕರ ತರಬೇತಿ ಇದೆ. ಸ್ವಂತ ಶಾಪಿನ ಕನಸು ಈಗಲೇ ಬೇಡ. ಸ್ವಂತ ಉದ್ಯೋಗಕ್ಕೆ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಹೆಂಗಸರಿಗೆ 35 ಶೇಕಡಾ ಸಬ್ಸಿಡಿ ಇದೆ ನಿಜ, ಆದರೆ ಜಾಬ್‌ವರ್ಕ್ ದುಡ್ಡು ಕಾಯ್ದೆ ಹೇಳುವ 45 ದಿನದಲ್ಲಿ ಬರುತ್ತದೆ ಎಂದು ನಂಬಿ ಕಂತು ಕಟ್ಟಲು ಹೊರಟವರ ಪಾಡು ನಾನು ಕಂಡಿದ್ದೇನೆ.

ಯಾರಾದರೂ ಮೈಮುಟ್ಟುವ, ಕೆಟ್ಟ ಮಾತಾಡುವ ಸಂಗತಿ ನಿನ್ನ ಪತ್ರದಲ್ಲಿಲ್ಲ. ಹಾಗೇನಾದರೂ ಆದರೆ ಹತ್ತು ಜನರಿಗಿಂತ ಕಡಿಮೆ ಇರುವ ಶಾಪಿನವರೂ ಜಿಲ್ಲೆಯ ಸ್ಥಳೀಯ ದೂರು ಸಮಿತಿಗೆ ಹೋಗಬಹುದು, ಮೂರು ತಿಂಗಳೊಳಗೆ ಬರೆದು ಕೊಡಬೇಕು. ಇಷ್ಟು ಗೊತ್ತಿರಲಿ.

ಬೀಗರಿಗೆ ಸುಳ್ಳು ಹೇಳಬೇಡ. ಆಫೀಸ್ ಕೆಲಸ ಅಂತ ಹೇಳಿ ಮದುವೆಯಾದ ನನ್ನ ಒಬ್ಬ ವಿದ್ಯಾರ್ಥಿನಿ ಎಣ್ಣೆ ವಾಸನೆಯ ಬಟ್ಟೆ ಮುಚ್ಚಿಡುತ್ತ ಆರು ತಿಂಗಳು ಕಳೆದು, ಕೊನೆಗೆ ಕೆಲಸ ಬಿಟ್ಟಳು. ಗೊತ್ತಿಲ್ಲದ ಕೆಲಸಕ್ಕೆ ಜನ ಹೆಚ್ಚು ಹೆದರುತ್ತಾರೆ, ಹಾಗಾಗಿ ತೋರಿಸು. ಅದಕ್ಕೆ ನಮ್ಮ ಕಡೆ ಒಂದು ದಿನವೇ ಇದೆಯಲ್ಲ, ಖಂಡೇನವಮಿ. ಅವತ್ತು ಶಾಪು ತೊಳೆದು, ಯಂತ್ರಕ್ಕೆ ಚೆಂಡು ಹೂ ಕಟ್ಟಿ, ಮನೆಯವರನ್ನೆಲ್ಲ ಕರೆಯುತ್ತಾರೆ. ನನ್ನ ಅತ್ತೆ ಮದುವೆಯಾದ ಮೊದಲ ವರ್ಷ ಒಲ್ಲದ ಮನಸ್ಸಿನಿಂದ ಬಂದರು. ನಾನು ಒಂದು ಸಣ್ಣ ಪಿನ್ ಟರ್ನ್ ಮಾಡಿ ಅವರ ಕೈಗೆ ಕೊಟ್ಟೆ. ಬಿಸಿ ಇತ್ತು, ಸೆರಗಿನಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. 'ಇಷ್ಟ ನುಣ್ಣಗ ಹೆಂಗ ಬರತೈತಿ?' ಅಂದರು. ಆ ಪಿನ್ ಬಹಳ ವರ್ಷ ನಮ್ಮ ದೇವರ ಜಗಲಿಯ ಮೇಲೆ ಇತ್ತು. ನಿನಗೆ ಬರುವ ಮನೆಯವರು ಹಾಗೆಯೇ ಇರುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಬಂದು ನೋಡಲೂ ಒಲ್ಲೆ ಅನ್ನುವವರು ಮದುವೆಯಾದ ಮೇಲೆ ಕೆಲಸ ಮಾಡಲು ಬಿಡುತ್ತಾರೆಂದೂ ನಂಬಬೇಡ. ಅದು ಲಗ್ನಪತ್ರಿಕೆಗೆ ಮುಂಚೆ ಗೊತ್ತಾದರೆ ಒಳ್ಳೆಯದು.

ಕೊನೆಗೆ ಬಳೆ, ತಾಳಿ. ಇದರಲ್ಲಿ ನನ್ನ ಉತ್ತರ ಒಂದೇ, ಬೇಡ. ಲೆಕ್ಕ ನೋಡು. 1,500 ಆರ್‌ಪಿಎಂ ಅಂದರೆ ಸೆಕೆಂಡಿಗೆ 25 ಸುತ್ತು. 50 ಎಂಎಂ ದಪ್ಪದ ಸರಳಿಗೆ ದುಪಟ್ಟಾ ಸಿಕ್ಕರೆ ಸೆಕೆಂಡಿಗೆ ನಾಲ್ಕು ಮೀಟರ್‌ನಷ್ಟು ಸುತ್ತಿಕೊಳ್ಳುತ್ತದೆ. ಎರಡೂವರೆ ಮೀಟರಿನ ದುಪಟ್ಟಾ ಮುಗಿಯಲು ಒಂದು ಸೆಕೆಂಡು ಬೇಡ. ನೀನು ಬೆಚ್ಚಿ ಕೈ ಹಿಂದೆ ಎಳೆಯುವಷ್ಟರಲ್ಲಿ ಚಕ್ ಐದಾರು ಸುತ್ತು ತಿರುಗಿರುತ್ತದೆ. ಬಳೆ, ದಾರ, ಜಡೆ, ಪೂರ್ತಿ ತೋಳಿನ ಅಂಗಿ ಎಲ್ಲಕ್ಕೂ ಇದೇ ಲೆಕ್ಕ. ಹಳೆ ಲೇಥ್ ಮೇಲೆ ಎಮರಿ ಕಾಗದ ಹಿಡಿದು ಪಾಲಿಶ್ ಮಾಡುವಾಗ ಹ್ಯಾಂಡ್‌ಗ್ಲೌಸ್ ಕೂಡ ಹಾಕಬಾರದು, ಗ್ಲೌಸ್ ಸಿಕ್ಕರೆ ಬೆರಳೂ ಹೋಗುತ್ತದೆ. ಕಾಲುಂಗುರ ಸೇಫ್ಟಿ ಶೂ ಒಳಗೆ ಒತ್ತದಿದ್ದರೆ ಇರಲಿ.

ಮದುವೆಯ ಹಸಿರು ಬಳೆ ತೊಡಿಸುವಾಗ ನಾನು ಬಳೆಗಾರನಿಗೆ ಒಂದು ಅಳತೆ ದೊಡ್ಡದು ಹಾಕು ಎಂದೆ, ಕೈಯಿಂದ ಜಾರಿ ಬರುವಂತೆ. ಅತ್ತೆಗೆ ಮೊದಲೇ ಹೇಳಿದ್ದೆ. ದಿನಾ ಬೆಳಗ್ಗೆ ಬಳೆ, ತಾಳಿ ತೆಗೆದು ಊಟದ ಡಬ್ಬಿಯ ಮೇಲಿನ ಬಟ್ಟಲಿನಲ್ಲಿ ಇಡುತ್ತಿದ್ದೆ. ಪಾಳಿ ಮುಗಿದ ಮೇಲೆ ಸೀಮೆಎಣ್ಣೆ ಹಚ್ಚಿ ಕೈ ಉಜ್ಜಿ, ಸೋಪಿನಲ್ಲಿ ತೊಳೆದು, ಮತ್ತೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ನೀನು ಸೀಮೆಎಣ್ಣೆ ಹಚ್ಚಬೇಡ, ತೊಗಲು ಒಡೆಯುತ್ತದೆ.